ಘಾಟಿ ಮಳೆ, ಮಬ್ಬು ಗ್ಲಾಸು ಮತ್ತು ಹಳೇ ಲಾರಿಯ ಬ್ಲೋವರ್

ಉಡುತಡಿಯಿಂದ ಮಾತಾಡ್ತಾ ಇದ್ದೀನಿ. ಅಕ್ಕಮಹಾದೇವಿ ಹುಟ್ಟಿದ ಊರು ಅಂದ್ರೆ ನಿಮಗೆ ತಕ್ಷಣ ಗೊತ್ತಾಗುತ್ತೆ. ಶಿಕಾರಿಪುರ ತಾಲೂಕು, ಶಿರಾಳಕೊಪ್ಪದ ಹತ್ರ. ಈ ಸಲ ವಚನದ ಮಾತಲ್ಲ, ಲಾರಿ ಮಾತು. ಅದ್ರಲ್ಲೂ ಲಾರಿಯೊಳಗೆ ಯಾರೂ ಗಮನ ಕೊಡದೇ ಇರೋ ಒಂದು ಡಬ್ಬಿಯ ಮಾತು: ಹೀಟರ್ ಬ್ಲೋವರ್.

"ನಮ್ಮೂರಲ್ಲಿ ಹೀಟರ್ ಯಾಕಪ್ಪ?" ಅಂತ ನೀವು ಕೇಳೇ ಕೇಳ್ತೀರ. ಮಾರ್ಚ್ ತಿಂಗಳಲ್ಲಿ ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಲ್ಲಿ ನಿಂತು ಯಾರಾದ್ರೂ ಹೀಟರ್ ಬೇಕು ಅಂದ್ರೆ ಜನ ತಲೆ ಮುಟ್ಟಿ ನೋಡ್ತಾರೆ. ಶಿಕಾರಿಪುರ ಅರೆಮಲೆನಾಡು. ಸೊರಬದ ಕಡೆ ಹೋದ್ರೆ ಕಾಡು ಸ್ವಲ್ಪ ಜಾಸ್ತಿ, ಮಳೆ ಸ್ವಲ್ಪ ಜಾಸ್ತಿ. ಆದ್ರೆ ನಮ್ಮ ಗಾಡಿಗಳು ಇಲ್ಲೇ ಓಡಲ್ಲವಲ್ಲ. ಶುಂಠಿ, ಅಡಿಕೆ, ಮೆಕ್ಕೆಜೋಳ ಹೇರಿಕೊಂಡು ಪಶ್ಚಿಮಕ್ಕೆ ಇಳೀತವೆ. ಸಾಗರ, ಹೊಸನಗರ, ನಗರ, ಮಾಸ್ತಿಕಟ್ಟೆ, ಆಮೇಲೆ ಹುಲಿಕಲ್ ಘಾಟಿ. ಬಾಳೆಬರೆ ಘಾಟಿ ಅಂತಲೂ ಅಂತಾರೆ. ಕೆಳಗೆ ಹೊಸಂಗಡಿ, ಸಿದ್ದಾಪುರ, ಕುಂದಾಪುರ. ಹುಲಿಕಲ್ ಅಂದ್ರೆ ಆಗುಂಬೆ ಜೊತೆ ಪೈಪೋಟಿಗೆ ನಿಲ್ಲೋ ಮಳೆ ಜಾಗ. ಆರಿದ್ರಾ ಮಳೆ ಆರದೆ ಹೊಯ್ಯುತ್ತೆ ಅಂತಾರಲ್ಲ, ಅದನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ಜೂನ್ ಕೊನೇ ವಾರ ಅಲ್ಲಿಗೆ ಹೋಗಬೇಕು.

ಆ ಮಳೇಲಿ ಬ್ಲೋವರ್ ಇರೋದು ಕಾಲು ಬೆಚ್ಚಗೆ ಇಟ್ಕೊಳ್ಳೋಕೆ ಅಲ್ಲ. ಮುಂದಿನ ರಸ್ತೆ ಕಾಣೋಕೆ.

ಇದು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ನಾನು ಓದಿದ್ದು ಬಿಕಾಂ, ವಿಜ್ಞಾನ ಅಲ್ಲ, ಆದ್ರೆ ಇದು ಜಮಾ ಖರ್ಚಿನ ಲೆಕ್ಕದ ಥರಾನೇ ಇದೆ. ಗಾಳಿ ಅನ್ನೋದು ಒಂದು ಖಾತೆ ಅಂದ್ಕೊಳ್ಳಿ. ಬಿಸಿ ಇದ್ದಷ್ಟೂ ಅದು ಹೆಚ್ಚು ನೀರಿನ ಆವಿ ಹಿಡಿದಿಟ್ಟುಕೊಳ್ಳುತ್ತೆ, ತಣ್ಣಗಾದಷ್ಟೂ ಅದರ ಮಿತಿ ಕಮ್ಮಿ ಆಗುತ್ತೆ. ಕ್ಯಾಬಿನ್ ಒಳಗೆ ಡ್ರೈವರ್ರು, ಕ್ಲೀನರ್ರು, ಒದ್ದೆ ಅಂಗಿ, ಒದ್ದೆ ಚೀಲ, ಕಾಲಡಿ ಒದ್ದೆ ಮ್ಯಾಟು. ಒಬ್ಬ ಮನುಷ್ಯ ಸುಮ್ನೆ ಕೂತ್ರೂ ಉಸಿರು ಮತ್ತು ಮೈಯಿಂದ ಗಂಟೆಗೆ ಹತ್ತಾರು ಗ್ರಾಂ ನೀರು ಆವಿಯಾಗಿ ಹೋಗುತ್ತೆ. ಹೊರಗಿಂದ ಮಳೆ ಬಡಿದು ಗ್ಲಾಸು ತಣ್ಣಗಾಗಿರುತ್ತೆ. ಒಳಗಿನ ಗಾಳಿ ಆ ಗ್ಲಾಸಿಗೆ ತಾಗಿದ ಕೂಡ್ಲೇ ಮಿತಿ ಮೀರುತ್ತೆ, ಹೆಚ್ಚಾದ ನೀರು ಗ್ಲಾಸಿನ ಮೇಲೆ ಕೂರುತ್ತೆ. ಅದೇ ಮಬ್ಬು. ವೈಪರ್ ಇರೋದು ಹೊರಗೆ, ಮಬ್ಬು ಇರೋದು ಒಳಗೆ. ವೈಪರ್ ಎಷ್ಟು ಜೋರಾಗಿ ಬಡ್ಕೊಂಡ್ರೂ ಪ್ರಯೋಜನ ಇಲ್ಲ.

ಈಗ ಹೀಟರ್ ಏನು ಮಾಡುತ್ತೆ? ಹೊರಗಿನ ಗಾಳಿ 22 ಡಿಗ್ರಿ, ಮಳೆ ಸುರೀತಾ ಇದೆ, ತೇವ ನೂರಕ್ಕೆ ನೂರು ಅಂತ ಇಟ್ಕೊಳ್ಳಿ. ಅದೇ ಗಾಳೀನ 40 ಡಿಗ್ರಿಗೆ ಬಿಸಿ ಮಾಡಿದ್ರೆ, ಒಂದು ತೊಟ್ಟು ನೀರು ತೆಗೀದೇ ಇದ್ರೂ, ಅದರ ತೇವ ಹೆಚ್ಚುಕಮ್ಮಿ ನೂರಕ್ಕೆ 36 ಆಗುತ್ತೆ. ಅಂದ್ರೆ ಅದು ಬಾಯಾರಿದ ಗಾಳಿ. ಅದನ್ನ ಗ್ಲಾಸಿನ ಕೆಳಗಿಂದ ಊದಿದ್ರೆ ಮಬ್ಬನ್ನ ಕುಡಿದುಬಿಡುತ್ತೆ, ಜೊತೆಗೆ ಗ್ಲಾಸನ್ನೂ ಸ್ವಲ್ಪ ಬೆಚ್ಚಗೆ ಮಾಡುತ್ತೆ. ಎರಡು ಬೇಕು ಇಲ್ಲಿ, ಬಿಸಿನೂ ಬೇಕು, ಗಾಳಿನೂ ಬೇಕು. ಬಿಸಿ ಬರೋದು ಇಂಜಿನ್ ನೀರಿಂದ. ಗಾಳಿ ಬರೋದು ಬ್ಲೋವರ್ ಮೋಟರ್‌ನಿಂದ.

ಹೊಸ ಲಾರಿಯವರಿಗೆ ಈ ತಲೆನೋವು ಕಮ್ಮಿ. 2025ರ ಅಕ್ಟೋಬರ್ 1ರಿಂದ ಈಚೆಗೆ ತಯಾರಾಗೋ ಎನ್2, ಎನ್3 ವರ್ಗದ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಅಂತ ಕೇಂದ್ರ ಸಾರಿಗೆ ಸಚಿವಾಲಯ 2023ರ ಡಿಸೆಂಬರ್‌ನಲ್ಲೇ ಅಧಿಸೂಚನೆ ಹೊರಡಿಸಿತ್ತು. ಎಸಿ ಗಾಳಿಯ ನೀರನ್ನೇ ಹಿಂಡಿ ತೆಗೆಯುತ್ತೆ, ಹಾಗಾಗಿ ಮಬ್ಬು ಬೇಗ ಬಿಡುತ್ತೆ. ಆದ್ರೆ ಎನ್2 ಅಂದ್ರೆ ಮೂರೂವರೆ ಟನ್‌ಗಿಂತ ಮೇಲೆ. ನಮ್ಮ ಹಳ್ಳಿಗಳಲ್ಲಿ ಓಡೋ ಪಿಕಪ್‌ಗಳು ಅದಕ್ಕಿಂತ ಕೆಳಗೆ. ಇನ್ನು ಹಳೇ ಲಾರಿಗಳಿಗೆ ಈ ನಿಯಮ ಹೇಗಿದ್ರೂ ಹಿಂದಕ್ಕೆ ಅನ್ವಯ ಆಗಲ್ಲ. ಟಾಟಾ 407 ಬಂದಿದ್ದು 1986ರಲ್ಲಿ. ಆ ಕಾಲದ ಗಾಡಿ ಅಲ್ಲದೇ ಇದ್ರೂ, ಹದಿನೈದು ಇಪ್ಪತ್ತು ವರ್ಷದ ಗಾಡಿಗಳು ನಮ್ಮಲ್ಲಿ ಇನ್ನೂ ಗಟ್ಟಿಯಾಗೇ ದುಡೀತಾ ಇದಾವೆ. ಹೀಟರ್ ಇರೋ ಗಾಡೀಲಿ ಹೀಟರ್ ಕೆಲಸ ಮಾಡಬೇಕು, ಅಷ್ಟೇ ನಾನು ಹೇಳೋದು.

ಸರಿ, ನಮ್ಮನೆ ಕಥೆಗೆ ಬರ್ತೀನಿ. ನಮ್ಮ ಚಿಕ್ಕಪ್ಪನದು ಒಂದು ಹಳೇ ಮಿನಿ ಲಾರಿ. ಯಾವ ಕಂಪನಿ ಅಂತ ಹೇಳಲ್ಲ, ಬೇಕಾಗಿಲ್ಲ. 12 ವೋಲ್ಟ್ ಗಾಡಿ, ಬ್ಲೋವರ್‌ಗೆ ನಾಲ್ಕು ಸ್ಪೀಡು. ಮಳೆಗಾಲ ಶುರುವಾಗೋ ಹೊತ್ತಿಗೆ ಒಂದು, ಎರಡು, ಮೂರನೇ ಸ್ಪೀಡು ನಿಂತವು. ನಾಲ್ಕರಲ್ಲಿ ಮಾತ್ರ ಗಾಳಿ. ಪೇಟೆಯ ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿ "ಮೋಟರ್ ವೀಕ್ ಆಗಿದೆ" ಅಂತ ಹೊಸ ಮೋಟರ್ ಹಾಕಿದ್ರು. ಮೋಟರ್ ಮತ್ತು ಕೂಲಿ ಸೇರಿ ನಾಲ್ಕು ಸಾವಿರಕ್ಕೆ ಹತ್ತಿರ. ಗಾಡಿ ಹೊರಗೆ ಬಂತು. ಏನಾಯ್ತು ಗೊತ್ತಾ? ಒಂದು, ಎರಡು, ಮೂರು ಇಲ್ಲ. ನಾಲ್ಕರಲ್ಲಿ ಗಾಳಿ. "ನಾಲ್ಕರಲ್ಲೇ ಓಡ್ಸಿ, ಸಾಕಲ್ಲ" ಅಂದ್ರಂತೆ. ಹತ್ತು ಹದಿನೈದು ದಿನ ಹೋಯ್ತು, ನಾಲ್ಕರಲ್ಲೂ ಗಾಳಿ ಸಣ್ಣ ಆಯ್ತು, ಡ್ಯಾಶ್ ಬೋರ್ಡ್ ಕೆಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬರೋಕೆ ಶುರುವಾಯ್ತು.

ಆಗ ಶಿರಾಳಕೊಪ್ಪದಲ್ಲಿ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ರ ಹೋದ್ವಿ. ಎಲ್ಲರೂ ಅವರನ್ನ ಭಾಯ್ ಅಂತಲೇ ಕರೆಯೋದು. ಅಂಗಡಿ ಅಂದ್ರೆ ಒಂದು ತಗಡಿನ ಶೆಡ್, ಒಂದು ಸ್ಟೂಲು, ಒಂದು ಮೀಟರು. ನಾನು ಆವತ್ತು ಚಿಕ್ಕಪ್ಪನ ಜೊತೆಗೇ ಇದ್ದೆ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಲಾ ಅಂತ ಕೇಳಿದೆ. ಹೆಸರು ಹಾಕಬೇಡ, ಧ್ವನಿನೂ ಹಾಕಬೇಡ ಅಂದ್ರು. ಹಾಗಾಗಿ ನನ್ನ ಬಾಯಲ್ಲೇ ಕೇಳಿ.

ಭಾಯ್ ಮೊದಲು ಗಾಡಿ ಮುಟ್ಟಲೇ ಇಲ್ಲ. ಕೇಳಿದ್ರು: "ಅಣ್ಣಾ, ಮೊದ್ಲು ನಾಲ್ಕರಲ್ಲಿ ಗಾಳಿ ಹೆಂಗಿತ್ತು?"

"ಚಲೋ ಇತ್ತು ಭಾಯ್. ಮುಖಕ್ಕೇ ಹೊಡೀತಿತ್ತು."

"ಮತ್ತೆ ಮೋಟರ್ ಯಾಕೆ ತೆಗೆಸಿದ್ರಿ?"

ಚಿಕ್ಕಪ್ಪ ನನ್ನ ಮುಖ ನೋಡಿದ್ರು. ಬಿಲ್ಲು ನನ್ನ ಕೈಲಿತ್ತು.

ಈ ಒಂದು ಪ್ರಶ್ನೇಲಿ ಅರ್ಧ ರಿಪೇರಿ ಮುಗೀತು. ನಾಲ್ಕರಲ್ಲಿ ಜೋರಾಗಿ ತಿರುಗೋ ಮೋಟರ್ ಸತ್ತಿಲ್ಲ. ಮೋಟರ್ ಕೆಟ್ಟಿದ್ರೆ ನಾಲ್ಕೂ ಸ್ಪೀಡಲ್ಲಿ ಕೆಡಬೇಕು. ಕೆಳಗಿನ ಮೂರು ಮಾತ್ರ ಹೋಗಿ ಮೇಲಿನದು ಉಳಿದಿದ್ರೆ, ಕೆಳಗಿನ ಮೂರಕ್ಕೆ ಮಾತ್ರ ಸಂಬಂಧ ಇರೋ ಒಂದು ವಸ್ತು ಕೆಟ್ಟಿರಬೇಕು. ಆ ವಸ್ತುವಿನ ಹೆಸರು ರೆಸಿಸ್ಟರ್.

ಹಳೇ ಗಾಡೀಲಿ ಸ್ಪೀಡ್ ಕಮ್ಮಿ ಮಾಡೋ ವಿಧಾನ ಬಹಳ ಒರಟು. ಮೋಟರ್‌ಗೆ ಹೋಗೋ ದಾರೀಲಿ ಸುರುಳಿ ತಂತಿ ಇಟ್ಟಿರ್ತಾರೆ. ಒಂದನೇ ಸ್ಪೀಡಿಗೆ ಕರೆಂಟು ಎಲ್ಲಾ ಸುರುಳಿ ದಾಟಿ ಹೋಗಬೇಕು, ಎರಡಕ್ಕೆ ಒಂದು ಕಮ್ಮಿ, ಮೂರಕ್ಕೆ ಇನ್ನೊಂದು ಕಮ್ಮಿ. ನಾಲ್ಕಕ್ಕೆ ಸುರುಳಿನೇ ಇಲ್ಲ, ಸೀದಾ. ಒಂದನೇ ಸ್ಪೀಡಲ್ಲಿ 4 ಆಂಪಿಯರ್ ಹರೀತಿದೆ, ಸುರುಳಿಯ ರೆಸಿಸ್ಟೆನ್ಸ್ 2 ಓಮ್ ಅಂತ ಇಟ್ಕೊಂಡ್ರೆ, 8 ವೋಲ್ಟ್ ಅಲ್ಲೇ ಖರ್ಚು. ನಾಲ್ಕೆಂಟ್ಲಿ 32 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತೆ. ಆ ಬಿಸಿ ತಣಿಸೋಕೆ ಅಂತಲೇ ರೆಸಿಸ್ಟರನ್ನ ಬ್ಲೋವರ್ ಗಾಳಿ ಹರಿಯೋ ದಾರೀಲಿ ಕೂರಿಸಿರ್ತಾರೆ. ಅಂದ್ರೆ ತನ್ನಿಂದ ನಿಧಾನ ಆದ ಗಾಳೀನೇ ತನ್ನನ್ನ ಕಾಪಾಡಬೇಕು. ಗಾಳಿ ದಾರಿ ಕಟ್ಟಿದ್ರೆ ಅದು ತನ್ನ ಬಿಸೀಲಿ ತಾನೇ ಬೇಯುತ್ತೆ. ಅದಕ್ಕೆ ಎಷ್ಟೋ ರೆಸಿಸ್ಟರ್‌ಗಳಲ್ಲಿ ಒಂದು ಸಣ್ಣ ಥರ್ಮಲ್ ಫ್ಯೂಸ್ ಇಟ್ಟಿರ್ತಾರೆ, ಬಿಸಿ ಮಿತಿ ಮೀರಿದ್ರೆ ಅದು ಕತ್ತರಿಸಿಕೊಳ್ಳುತ್ತೆ. ಕೆಳಗಿನ ಸ್ಪೀಡುಗಳೆಲ್ಲ ಒಟ್ಟಿಗೇ ಹೋಗೋದು ಆಗಲೇ.

ನಮ್ಮ ಗಾಡೀಲಿ ಗಾಳಿ ದಾರಿ ಕಟ್ಟಿದ್ದು ಯಾವುದು? ಭಾಯ್ ಬ್ಲೋವರ್ ಡಬ್ಬಿ ಬಿಚ್ಚಿ ಪೇಪರ್ ಮೇಲೆ ಸುರಿದ್ರು. ಮೆಕ್ಕೆಜೋಳದ ಹೊಟ್ಟು. ಒಂದು ಬೊಗಸೆ ಆಗೋಷ್ಟು. ಜೊತೆಗೆ ಒಣಗಿದ ಎಲೆ, ಇಲಿ ಕಚ್ಚಿ ತಂದ ಗೋಣಿನಾರು. ಶಿಕಾರಿಪುರದ ಮೆಕ್ಕೆಜೋಳದ ಕಣದಲ್ಲಿ ಗಾಡಿ ನಿಲ್ಲಿಸಿ ಲೋಡ್ ಮಾಡಿದವರಿಗೆ ಗೊತ್ತು, ಆ ಧೂಳು ಎಲ್ಲೆಲ್ಲಿ ಹೋಗಿ ಕೂರುತ್ತೆ ಅಂತ. ಮುಂದಿನ ಗ್ಲಾಸಿನ ಬುಡದಲ್ಲಿರೋ ಜಾಲರಿ ಮೂಲಕ ಅದು ಸೀದಾ ಬ್ಲೋವರ್ ಹೊಟ್ಟೆಗೆ ಹೋಗುತ್ತೆ. ವಿದೇಶದ ರಿಪೇರಿ ವಿಡಿಯೋಗಳಲ್ಲಿ ಮರದ ಎಲೆ ತೋರಿಸ್ತಾರೆ, ನಮ್ಮಲ್ಲಿ ಹೊಟ್ಟು. ಮೊದಲ ಗ್ಯಾರೇಜಿನವರು ಹೊಸ ಮೋಟರ್ ಹಾಕುವಾಗ ಇದನ್ನ ಕಂಡೇ ಇರಬೇಕು. ಕಂಡೂ ಹಾಗೇ ಮುಚ್ಚಿದ್ರೋ, ಮೇಲಿಂದ ಮೇಲೆ ಮೋಟರ್ ಮಾತ್ರ ಬದಲಾಯಿಸಿದ್ರೋ, ಆ ವಿಚಾರ ಬಿಡಿ.

ರೆಸಿಸ್ಟರ್ ಪರೀಕ್ಷೆ ಸುಲಭ. ಕಪ್ಲರ್ ಕಿತ್ತು, ಮೀಟರನ್ನ ಓಮ್‌ಗೆ ಇಟ್ಟು ಪಿನ್‌ಗಳ ನಡುವೆ ಮುಟ್ಟಿಸಬೇಕು. ಕೆಲವೇ ಓಮ್ ತೋರಿಸಿದ್ರೆ ಜೀವ ಇದೆ. ಏನೂ ತೋರಿಸದಿದ್ರೆ ಕಡಿದಿದೆ. ನಮ್ಮದು ಕಡಿದಿತ್ತು. ಹೊಸದಕ್ಕೆ ಆರುನೂರು ಚಿಲ್ಲರೆ. ಇಲ್ಲಿಗೆ ಮುಗೀತು ಅಂತ ಚಿಕ್ಕಪ್ಪ ಜೇಬಿಗೆ ಕೈ ಹಾಕಿದ್ರು. ಭಾಯ್ ಬೇಡ ಅಂದ್ರು. "ಸುಟ್ಟ ವಾಸನೆ ರೆಸಿಸ್ಟರ್‌ದಲ್ಲ, ತಡೀರಿ."

ಇಲ್ಲಿಂದ ಮುಂದಿನದ್ದನ್ನ ಸ್ವಲ್ಪ ನಿಧಾನವಾಗಿ ಕೇಳಿ, ಯಾಕಂದ್ರೆ ಇದು ಬ್ಲೋವರ್‌ಗೆ ಮಾತ್ರ ಅಲ್ಲ, ಹಾರ್ನು, ಹೆಡ್‌ಲೈಟು, ಸ್ಟಾರ್ಟರು ಎಲ್ಲದಕ್ಕೂ ಆಗುತ್ತೆ.

ಇಂಜಿನ್ ಚಾಲೂ ಮಾಡಿಸಿದ್ರು. ಬ್ಲೋವರ್ ನಾಲ್ಕಕ್ಕೆ. ಬ್ಯಾಟರಿ ಮೇಲೆ ಮೀಟರ್ ಇಟ್ರು: 13.8 ವೋಲ್ಟ್. ಆಮೇಲೆ ಮೋಟರ್‌ನ ಎರಡು ವೈರಿನ ನಡುವೆ: 10.1. ಉಳಿದ 3.7 ವೋಲ್ಟ್ ಎಲ್ಲಿ ಹೋಯ್ತು? ಬಿಕಾಂ ಓದಿದ ನನಗೆ ಇದು ಥೇಟ್ ಕ್ಯಾಶ್‌ಬುಕ್ ತಾಳೆ ಆಗದೇ ಇರೋ ಹಾಗೆ ಕಾಣಿಸ್ತು. ಕಾಣೆಯಾದ ದುಡ್ಡು ಗಾಳೀಲಿ ಹೋಗಲ್ಲ, ದಾರೀಲಿ ಯಾರೋ ತಿಂದಿರ್ತಾರೆ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಮೋಟರ್‌ನ ಪ್ಲಸ್ ವೈರಿಗೆ: 1.1 ವೋಲ್ಟ್. ಈಗ ಒಂದು ಕಡ್ಡಿ ಮೋಟರ್‌ನ ಅರ್ತ್ ವೈರಿಗೆ, ಇನ್ನೊಂದು ಬ್ಯಾಟರಿ ಮೈನಸ್ಸಿಗೆ: 2.6 ವೋಲ್ಟ್. ಲೆಕ್ಕ ತಾಳೆ ಆಯ್ತು. ಹತ್ತು, ಒಂದು, ಎರಡೂವರೆ ಮೇಲೆ. ದೊಡ್ಡ ಕಳ್ಳ ಅರ್ತ್ ಕಡೆ ಇದ್ದ.

ಕ್ಲ್ಯಾಂಪ್ ಮೀಟರ್ ಹಾಕಿ ಕರೆಂಟು ನೋಡಿದ್ರು, ಹತ್ತು ಆಂಪಿಯರ್ ಹತ್ತಿರ. 2.6 ವೋಲ್ಟ್, 10 ಆಂಪಿಯರ್, ಗುಣಿಸಿದ್ರೆ 26 ವ್ಯಾಟ್. ಭಾಯ್ ತಮ್ಮ ಬೆಸುಗೆ ಕಡ್ಡಿ ಎತ್ತಿ ತೋರಿಸಿದ್ರು. ಅದರ ಹಿಡಿ ಮೇಲೆ 25 ವ್ಯಾಟ್ ಅಂತ ಬರೆದಿತ್ತು. "ನಿಮ್ ಡ್ಯಾಶ್ ಬೋರ್ಡ್ ಒಳಗೆ ಇಂಥದ್ದೊಂದು ದಿನಾ ಉರೀತಾ ಇತ್ತು ಅಣ್ಣಾ."

ನನಗೆ ಇಡೀ ಮಧ್ಯಾಹ್ನದಲ್ಲಿ ಮೈ ಜುಂ ಅಂದಿದ್ದು ಈ ಮಾತಿಗೆ. ಒಂದು ಸಡಿಲ ಬೋಲ್ಟು. ಅದರ ಸುತ್ತ ಹಳೇ ವೈರು, ರೆಕ್ಸಿನ್ನು, ಸ್ಪಂಜು, ಇಲಿ ತಂದ ಗೋಣಿನಾರು. ಅಲ್ಲಿ ಬೆಸುಗೆ ಕಡ್ಡಿಯಷ್ಟು ಶಾಖ.

ಡ್ಯಾಶ್ ಬೋರ್ಡ್ ಕೆಳಗಿನ ಮುಚ್ಚಳ ತೆಗೆದ್ರು. ಅರ್ತ್ ವೈರಿನ ಲಗ್ಗು ಬಾಡಿಗೆ ಕಚ್ಚೋ ಬೋಲ್ಟು ತುಕ್ಕು ತಿಂದು ಕೆಂಪಗಾಗಿತ್ತು. ಪಕ್ಕದ ಕಪ್ಲರ್‌ನ ಒಂದು ಮೂಲೆ ಕರಗಿ ಕಂದು ಬಣ್ಣ. ತುಕ್ಕು ಯಾಕೆ ಬಂತು? ಕೈ ಮೇಲಕ್ಕೆ ತೂರಿಸಿ ತಡವಿದ್ರೆ ಒದ್ದೆ. ಮುಂದಿನ ಗ್ಲಾಸಿನ ಸುತ್ತ ಇರೋ ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟು, ಮಳೆ ನೀರು ಆ ಮೂಲೆಯಿಂದ ಹನಿಹನಿಯಾಗಿ ಬೋಲ್ಟಿನ ಮೇಲೇ ಬೀಳ್ತಿತ್ತು. ಮಳೆಗಾಲಕ್ಕೆ ಬೇಕಾದ ಯಂತ್ರವನ್ನ ಮಳೆನೇ ಕೊಲ್ತಿತ್ತು.

ಹಾಗಾದ್ರೆ ಒಟ್ಟು ಖಾಯಿಲೆ ಏನು ಅಂದ್ರೆ, ಹೊಟ್ಟು ಕಟ್ಟಿ ರೆಸಿಸ್ಟರ್ ಹೋಯ್ತು. ರೆಸಿಸ್ಟರ್ ಹೋಗಿದ್ದಕ್ಕೆ ಯಾವಾಗಲೂ ನಾಲ್ಕರಲ್ಲೇ ಓಡಿಸಿದ್ರು. ನಾಲ್ಕರಲ್ಲಿ ಕರೆಂಟು ಜಾಸ್ತಿ. ಮೊದಲೇ ತುಕ್ಕು ಹಿಡಿದ ಅರ್ತು ಆ ಕರೆಂಟು ತಾಳಲಿಲ್ಲ. "ನಾಲ್ಕರಲ್ಲೇ ಓಡ್ಸಿ" ಅನ್ನೋ ಸಲಹೆ ಎಷ್ಟು ದುಬಾರಿ ನೋಡಿ.

ಬೋಲ್ಟು ಬಿಚ್ಚಿ, ಎಮೆರಿ ಪೇಪರ್ ಹಾಕಿ ತಗಡು ಹೊಳೆಯೋ ತನಕ ಉಜ್ಜಿ, ಹೊಸ ಲಗ್ಗು ಹೊಡೆದು, ಬಿಗಿದು, ಮೇಲೆ ಗ್ರೀಸು ಸವರಿದ್ರು. ಕಪ್ಲರ್ ಬದಲು. ಮತ್ತೆ ಅಳತೆ: ಅರ್ತ್ ಕಡೆ 0.1. ಮೋಟರ್ ಮೇಲೆ 13ಕ್ಕಿಂತ ಜಾಸ್ತಿ. ಗಾಳಿ ಚಿಕ್ಕಪ್ಪನ ಟವೆಲ್ ಹಾರಿಸ್ತು. ಎಲ್ಲಾ ಸೇರಿ ಸಾವಿರದ ಇನ್ನೂರು ಒಳಗೆ. ಕಿತ್ತು ಹಾಕಿದ ಹಳೇ ಮೋಟರ್ ಕ್ಯಾಬಿನ್ ಹಿಂದೆ ಬಿದ್ದಿತ್ತು. ಭಾಯ್ ಅದನ್ನೂ ಫ್ಯೂಸ್ ಇರೋ ವೈರ್‌ನಿಂದ ಬ್ಯಾಟರಿಗೆ ಕೊಟ್ಟು ನೋಡಿದ್ರು. ಜುಯ್ ಅಂತ ತಿರುಗ್ತು.

ಈಗ ನಿಮ್ಮ ಗಾಡೀಲಿ ಬೇರೆ ಥರ ಕೆಟ್ಟಿರಬಹುದು. ಯಾವ ಸ್ಪೀಡಲ್ಲೂ ಸದ್ದೇ ಇಲ್ಲ ಅಂದ್ರೆ ಮೊದಲು ಫ್ಯೂಸ್. ಫ್ಯೂಸ್ ಸರಿ ಇದ್ರೆ ಟೆಸ್ಟ್ ಲ್ಯಾಂಪ್ ತಗೊಂಡು ಮೋಟರ್ ಹತ್ರ ಹೋಗಿ. ಅಲ್ಲಿ ಲ್ಯಾಂಪ್ ಝಗ್ ಅಂತ ಉರಿದ್ರೂ ಮೋಟರ್ ತಿರುಗಲ್ಲ ಅಂದಾಗ ಮಾತ್ರ ಮೋಟರ್ ಮೇಲೆ ಅನುಮಾನ ಪಡಬಹುದು. ಒಂದು ಎಚ್ಚರ: ಕೆಲವು ಗಾಡೀಲಿ ಸ್ವಿಚ್ಚು ಪ್ಲಸ್ ಕಡೆ ಇರುತ್ತೆ, ಕೆಲವದ್ರಲ್ಲಿ ಅರ್ತ್ ಕಡೆ. ಅದಕ್ಕೆ ಲ್ಯಾಂಪನ್ನ ಬಾಡಿಗೆ ಮುಟ್ಟಿಸಿ ನೋಡೋದಕ್ಕಿಂತ ಮೋಟರ್‌ನ ಎರಡು ವೈರಿನ ನಡುವೆಯೇ ಹಿಡಿದು ನೋಡೋದು ಒಳ್ಳೇದು. ಸುಳ್ಳು ಹೇಳಲ್ಲ ಆಗ. ಡಬ್ಬಿ ಮೇಲೆ ಕುಟ್ಟಿದ್ರೆ ತಿರುಗಿ ಮತ್ತೆ ನಿಲ್ಲುತ್ತೆ ಅಂದ್ರೆ ಒಳಗಿನ ಕಾರ್ಬನ್ ಬ್ರಶ್ ಸವೆದಿರೋ ಸಾಧ್ಯತೆ ಜಾಸ್ತಿ. ಬ್ರಶ್ ಹಾಕೋರು ಶಿವಮೊಗ್ಗದಲ್ಲಿ ಇನ್ನೂ ಇದಾರೆ, ಇಡೀ ಮೋಟರ್ ಬೇಕಾಗಿಲ್ಲ. ಕಿರ್ ಕಿರ್ ಸದ್ದು ಬಂದ್ರೆ ಬುಶ್ ಒಣಗಿದೆ ಅಥವಾ ಫ್ಯಾನಿಗೆ ಏನೋ ತಾಗ್ತಿದೆ.

ಫ್ಯೂಸ್ ಪದೇ ಪದೇ ಹೋಗ್ತಿದ್ರೆ ದಯವಿಟ್ಟು ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಬೇಡಿ, ದಪ್ಪ ತಂತಿ ಹಾಕಬೇಡಿ, ಹದಿನೈದರ ಜಾಗಕ್ಕೆ ಮೂವತ್ತು ಹಾಕಬೇಡಿ. ನಮ್ಮ ಕಡೆ ಇದನ್ನ ಜಾಣತನ ಅಂದ್ಕೊಂಡಿದಾರೆ. ಮೋಟರ್ ಜಾಮ್ ಆದಾಗ ಅದು ತಿರುಗುವಾಗ ಎಳೆಯೋದಕ್ಕಿಂತ ಎಷ್ಟೋ ಪಟ್ಟು ಕರೆಂಟು ಎಳೆಯುತ್ತೆ. ಆಗ ಏನಾದ್ರೂ ಒಂದು ಸುಡಲೇಬೇಕು. ಹತ್ತು ರೂಪಾಯಿ ಫ್ಯೂಸ್ ಸುಡಲಿ ಅಂತ ಕಂಪನಿಯವರು ಇಟ್ಟಿರ್ತಾರೆ. ಅದನ್ನ ನೀವು ಸುಡೋಕೆ ಬಿಡ್ಲಿಲ್ಲ ಅಂದ್ರೆ ವೈರು ಸುಡುತ್ತೆ.

ಇನ್ನು, ಗಾಳಿ ಬರುತ್ತೆ ಆದ್ರೆ ಬಿಸಿ ಬರಲ್ಲ ಅನ್ನೋರು ಬಹಳ ಜನ ಇದಾರೆ. ಹೀಟರ್ ಟ್ಯಾಪ್ ತುಕ್ಕು ಹಿಡಿದು ಮುಚ್ಕೊಂಡಿರಬಹುದು, ನೀರಿನ ಪೈಪಲ್ಲಿ ಗಾಳಿ ಸಿಕ್ಕಿರಬಹುದು. ಆದ್ರೆ ನಮ್ಮಲ್ಲಿ ಇನ್ನೊಂದು ವಿಶೇಷ ಕಾರಣ ಇದೆ, ಅದನ್ನ ಹೇಳಲೇಬೇಕು. "ಇದು ಬಿಸಿ ದೇಶ, ಥರ್ಮೋಸ್ಟಾಟ್ ಬೇಡ" ಅಂತ ಎಷ್ಟೋ ಮೆಕ್ಯಾನಿಕ್‌ಗಳು ಅದನ್ನ ಕಿತ್ತು ಬಿಸಾಕ್ತಾರೆ. ಥರ್ಮೋಸ್ಟಾಟ್ ಕೆಲಸ ಇಂಜಿನ್ ನೀರು ಬಿಸಿ ಆಗೋ ತನಕ ರೇಡಿಯೇಟರ್‌ಗೆ ಬಿಡದೇ ತಡೆಯೋದು. ಅದಿಲ್ಲ ಅಂದ್ರೆ ಮಳೇಲಿ, ಅದ್ರಲ್ಲೂ ಘಾಟಿ ಇಳಿಯುವಾಗ, ಇಂಜಿನ್ ಮೇಲೆ ಭಾರ ಇಲ್ಲದೇ ಇರುವಾಗ, ನೀರು ಉಗುರು ಬೆಚ್ಚಗೇ ಉಳಿಯುತ್ತೆ. ಹೀಟರ್‌ಗೆ ಬಿಸಿ ಎಲ್ಲಿಂದ ಬರಬೇಕು? ಬರೀ ಹೀಟರ್ ಅಲ್ಲ, ತಣ್ಣಗಿರೋ ಡೀಸೆಲ್ ಇಂಜಿನ್ ಬೇಗ ಸವೆಯುತ್ತೆ, ಡೀಸೆಲ್ಲೂ ಜಾಸ್ತಿ ಕುಡಿಯುತ್ತೆ. ಹೆಬ್ರಿಯಿಂದ ಬರೋ ಡ್ರೈವರ್ ಒಬ್ಬರು ನನಗೆ "ನಮ್ಮ ಗಾಡಿಯ ಹೀಟರ್ ಘಾಟಿ ಹತ್ತುವಾಗ ಮಾತ್ರ ಕೆಲಸ ಮಾಡೋದು, ಇಳಿಯುವಾಗ ಇಲ್ಲ" ಅಂದಿದ್ರು. ನಗು ಬಂತು, ಆದ್ರೆ ಪಕ್ಕಾ ಥರ್ಮೋಸ್ಟಾಟ್ ಲಕ್ಷಣ ಅದು. ಚೆಕ್ ಮಾಡೋಕೆ ಹೋಗಿ ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳ ಮಾತ್ರ ತೆಗೀಬೇಡಿ. ಮುಖ ಸುಟ್ಕೊಂಡವರು ನಮ್ಮೂರಲ್ಲೇ ಇದಾರೆ.

ಬ್ಲೋವರ್ ಹಾಕಿದ ಕೂಡ್ಲೇ ಮಬ್ಬು ಕಮ್ಮಿ ಆಗೋ ಬದಲು ಜಾಸ್ತಿ ಆಗಿ, ಗ್ಲಾಸಿನ ಮೇಲೆ ಅಂಟು ಪದರ, ಸಿಹಿ ಸಿಹಿ ವಾಸನೆ ಬಂದ್ರೆ ಒಳಗೆ ಹೀಟರ್ ಕೋರ್ ಸೋರಿ ಕೂಲೆಂಟ್ ಆವಿ ಬರ್ತಿದೆ ಅಂತ. ಅದನ್ನ ಉಸಿರಾಡಿಕೊಂಡು ಓಡಿಸಬಾರದು. ಹಾಗೇ ಒಳಗಿನ ಗಾಳೀನೇ ಸುತ್ತಿಸೋ ಲಿವರ್ ಇದ್ರೆ ಅದನ್ನ ಹೊರಗಿನ ಗಾಳಿ ಕಡೆಗೆ ಇಡಿ. ಒಳಗಿನ ಉಸಿರನ್ನೇ ಬಿಸಿ ಮಾಡಿ ಸುತ್ತಿಸ್ತಾ ಇದ್ರೆ ಆ ನೀರು ಹೊರಗೆ ಹೋಗೋದು ಯಾವಾಗ?

ದಾರೀಲೇ ಕೈಕೊಟ್ರೆ? ಬೀಡಿ ಬಿಚ್ಚಿ ತಂಬಾಕನ್ನ ಗ್ಲಾಸಿಗೆ ಉಜ್ಜೋದು ಹಳೇ ಡ್ರೈವರ್‌ಗಳ ಉಪಾಯ. ಅದು ವೈಪರ್ ಹೋದಾಗ ಹೊರಗಿನ ನೀರು ಹರಡಿಕೊಳ್ಳಲಿ ಅಂತ ಮಾಡೋದು, ಒಳಗಿನ ಮಬ್ಬಿಗಲ್ಲ. ಒಳಗಿನ ಮಬ್ಬನ್ನ ಬರಿಗೈಲಿ ಒರೆಸಿದ್ರೆ ಜಿಡ್ಡು ಹತ್ತಿ ಎದುರು ಗಾಡಿ ಲೈಟಿಗೆ ಇನ್ನೂ ಕುರುಡಾಗುತ್ತೆ. ಒಣ ಹತ್ತಿ ಬಟ್ಟೆ ಇಟ್ಕೊಳ್ಳಿ, ನೆನೆದ ಚೀಲ ಕ್ಯಾಬಿನ್‌ನಿಂದ ಹಿಂದಕ್ಕೆ ಹಾಕಿ, ಎರಡೂ ಕಡೆ ಗ್ಲಾಸು ಎರಡು ಬೆರಳು ಇಳಿಸಿ. ತೋಳು ನೆನೆಯುತ್ತೆ, ನೆನೀಲಿ. ಇಷ್ಟಾದ್ರೂ ಕಾಣ್ತಿಲ್ಲ ಅಂದ್ರೆ ಘಾಟಿಗೆ ಇಳಿಯೋಕೆ ಮುಂಚೆ, ಹುಲಿಕಲ್‌ನ ಚಂಡಿಕಾಂಬ ಗುಡಿ ಹತ್ರ ಜಾಗ ನೋಡಿ ನಿಲ್ಲಿಸಿಬಿಡಿ. ಹೇಗಿದ್ರೂ ಅಲ್ಲಿ ಕೈ ಮುಗಿಯೋಕೆ ನಿಲ್ಲಿಸ್ತೀರಲ್ಲ, ಇನ್ನರ್ಧ ಗಂಟೆ ನಿಂತ್ರೆ ಆಯ್ತು. ತಿರುವಿನಲ್ಲಿ ಮಾತ್ರ ನಿಲ್ಲಿಸಬೇಡಿ.

ದುಡ್ಡಿನ ಮಾತು ಒಂದು ಹೇಳಿ ಬಿಡ್ತೀನಿ. ಬ್ಲೋವರ್ ಕೆಟ್ಟಿದೆ ಅಂತ ಡ್ರೈವರ್ ಹೇಳಿದ್ರೆ ಎಷ್ಟೋ ಓನರ್‌ಗಳು ಕೇಳೋದೇ "ಗಾಡಿ ಓಡುತ್ತೋ ಇಲ್ವೋ?" ಅಂತ. ಎಫ್‌ಸಿಗೆ ಹೋದಾಗ ವೈಪರ್ ನೋಡ್ತಾರೆ, ನಮ್ಮ ಗಾಡಿಯ ಬ್ಲೋವರ್ ಬಗ್ಗೆ ಈವರೆಗೆ ಯಾರೂ ಕೇಳಿಲ್ಲ. ಖರ್ಚು ಓನರ್‌ದು, ಕಾಣದ ಗ್ಲಾಸು ಡ್ರೈವರ್‌ದು. ಚಿಕ್ಕಪ್ಪ ತಾವೇ ಓನರ್, ತಾವೇ ಡ್ರೈವರ್, ಅದಕ್ಕೆ ಆವತ್ತೇ ರಿಪೇರಿ ಆಯ್ತು. ಸಂಬಳಕ್ಕೆ ಓಡಿಸೋ ಹುಡುಗ ಆಗಿದ್ರೆ ಆ ಸುಟ್ಟ ವಾಸನೆ ಜೊತೆಗೇ ಮಂಗಳೂರಿಗೆ ಹೋಗಿ ಬರ್ತಿದ್ದ. ಈ ಎಪಿಸೋಡ್ ಕೇಳ್ತಿರೋ ಓನರ್‌ಗಳಿಗೆ ನಾನು ಕೇಳೋದು ಒಂದೇ: ರೋಹಿಣಿ ಮಳೆ ಬರೋಕೆ ಮುಂಚೆ, ಮೇ ತಿಂಗಳ ಬಿಸಿಲಲ್ಲೇ, ಒಂದು ಸಲ ಬ್ಲೋವರನ್ನ ನಾಲ್ಕೂ ಸ್ಪೀಡಲ್ಲಿ ಓಡಿಸಿ ನೋಡಿ. ಎಂಟು ಒಂಬತ್ತು ತಿಂಗಳು ಮುಟ್ಟದ ಸ್ವಿಚ್ಚು ಜೂನ್‌ನಲ್ಲಿ ಹಾಕಿದ ಕೂಡ್ಲೇ ಕೆಲಸ ಮಾಡಬೇಕು ಅಂದ್ರೆ ಹೇಗೆ? ಮೆಕ್ಕೆಜೋಳ ಹೇರಿದವರು ಗ್ಲಾಸಿನ ಬುಡದ ಜಾಲರಿಗೆ ಏರ್ ಹೊಡೆಸಿ. ಬೀಡಿಂಗ್ ಮೇಲೆ ಒಂದು ಬಕೆಟ್ ನೀರು ಸುರಿದು, ಒಳಗೆ ಕೂತು ಹನಿ ಬೀಳುತ್ತಾ ನೋಡಿ.

ಹೋದ ತಿಂಗಳು ಆನವಟ್ಟಿ ಕಡೆಯಿಂದ ಒಬ್ಬರು ಕೇಳಿದ್ರು, ದೊಡ್ಡ ಲಾರಿಗೂ ಇದೇ ಲೆಕ್ಕನಾ ಅಂತ. ಕ್ರಮ ಇದೇ, ಅಂಕಿ ಬೇರೆ. ದೊಡ್ಡ ಲಾರಿಗಳು ಸಾಮಾನ್ಯವಾಗಿ 24 ವೋಲ್ಟ್, ಚಾಲೂ ಇದ್ದಾಗ ಬ್ಯಾಟರಿ ಮೇಲೆ 27, 28ರ ಆಸುಪಾಸು ಕಾಣಬೇಕು. 12 ವೋಲ್ಟ್ ಟೆಸ್ಟ್ ಲ್ಯಾಂಪ್ ಅದಕ್ಕೆ ಹಾಕಿದ್ರೆ ಬಲ್ಬು ಟಪ್ ಅನ್ನುತ್ತೆ, 24ರ ಬಲ್ಬು ಹಾಕ್ಕೊಳ್ಳಿ. ಅಂಗಡೀಲಿ ಮೋಟರ್, ರೆಸಿಸ್ಟರ್ ತಗೊಳ್ಳುವಾಗಲೂ ಡಬ್ಬಿ ಮೇಲಿನ ವೋಲ್ಟ್ ಓದಿ ತಗೊಳ್ಳಿ.

ಚಿಕ್ಕಪ್ಪನ ಗಾಡಿಗೆ ಬೀಡಿಂಗ್ ಇನ್ನೂ ಬಂದಿಲ್ಲ, ಆರ್ಡರ್ ಹಾಕಿದೀವಿ. ಅಲ್ಲೀ ತನಕ ಆ ಮೂಲೆಗೆ ಸಿಲಿಕಾನ್ ಮೆತ್ತಿ, ಬೋಲ್ಟಿನ ಮೇಲೆ ಟ್ಯೂಬ್ ರಬ್ಬರಿನ ಒಂದು ತುಂಡು ಕಟ್ಟಿದಾರೆ. ಮುಂದಿನ ವಾರ ಸಿಗೋಣ, ಶುಂಠಿ ಬಿತ್ತನೆ ಬೀಜದ ಸಾಲದ ಲೆಕ್ಕ ಇದೆ.